ದೈವಕರುಣೆಯ ನಿತ್ಯಪ್ರಾರ್ಥನೆ: ಕರುಣಾಮಯನೆಂದು ನಂಬಿದವನನ್ನು ಮತ್ತೆ ಮತ್ತೆ ಬೇಡುವುದೇಕೆ?

ಜಪಸರದ ಮಣಿಗಳನ್ನು ಒಂದೊಂದಾಗಿ ಸರಿಸುತ್ತ, "ನಮ್ಮ ಮೇಲೂ ಸಮಸ್ತ ಲೋಕದ ಮೇಲೂ ಕರುಣೆ ತೋರಿರಿ" ಎಂಬ ಬೇಡಿಕೆಯನ್ನು ಐವತ್ತು ಬಾರಿ ಹೇಳುವ ಕಥೋಲಿಕ ಕ್ರೈಸ್ತರನ್ನು ಕಂಡಾಗ ಹೊರಗಿನವರಿಗಷ್ಟೇ ಅಲ್ಲ, ಆ ಪ್ರಾರ್ಥನೆಯನ್ನು ಬಾಲ್ಯದಿಂದ ಕಲಿತವರಿಗೂ ಒಂದು ಸಂದೇಹ ಮೂಡುವುದುಂಟು. ದೇವರು ಸ್ವಭಾವದಿಂದಲೇ ಕರುಣಾಮಯನೆಂದು ಧರ್ಮಸಭೆ (ಚರ್ಚು) ಬೋಧಿಸುತ್ತದೆ. ಕೇಳುವ ಮೊದಲೇ ನಮಗೆ ಬೇಕಾದುದನ್ನು ಪಿತನು ಬಲ್ಲನೆಂದು ಯೇಸುವೇ ಹೇಳಿದ್ದಾರೆ. ಹಾಗಿರುವಾಗ ಅದೇ ಮಾತನ್ನು ಪ್ರತಿದಿನ, ಅದೂ ಇಷ್ಟು ಸಲ, ಆತನ ಮುಂದಿಡುವುದರ ಅರ್ಥವೇನು? ಆತನ ಮನಸ್ಸನ್ನು ಬದಲಿಸುವುದಕ್ಕೋ, ಬೇಡುವವರ ಮನಸ್ಸನ್ನು ಬದಲಿಸುವುದಕ್ಕೋ? ದೈವಕರುಣೆಯ ಭಕ್ತಿಯನ್ನು ಅರಿಯಲು ಈ ಪ್ರಶ್ನೆಯೇ ಸರಿಯಾದ ಬಾಗಿಲು ಎಂದು ನನಗೆ ತೋರುತ್ತದೆ. ಏಕೆಂದರೆ ಈ ಭಕ್ತಿಯ ಚಿತ್ರ, ಜಪ, ಹಬ್ಬ, ಗಳಿಗೆಗಳೆಲ್ಲವೂ ಒಂದಲ್ಲ ಒಂದು ರೀತಿಯಲ್ಲಿ ಇದಕ್ಕೇ ಉತ್ತರ ಕೊಡುತ್ತವೆ.

ಇಂದು ನಾವು ಕಾಣುವ ರೂಪದಲ್ಲಿ ಈ ಭಕ್ತಿ ಇಪ್ಪತ್ತನೆಯ ಶತಮಾನದ ಪೋಲೆಂಡಿನಲ್ಲಿ ಹುಟ್ಟಿತು. 1905ರ ಆಗಸ್ಟ್ 25ರಂದು ಗ್ವೊಗೋವಿಯೆತ್ಸ್ ಎಂಬ ಹಳ್ಳಿಯ ಬಡ ರೈತಕುಟುಂಬದಲ್ಲಿ, ಹತ್ತು ಮಕ್ಕಳಲ್ಲಿ ಮೂರನೆಯವಳಾಗಿ ಹೆಲೆನಾ ಕೊವಾಲ್ಸ್ಕಾ ಜನಿಸಿದಳು. ಶಾಲೆಯ ಮುಖ ಕಂಡದ್ದು ಮೂರು ವರ್ಷಕ್ಕೂ ಕಡಿಮೆ. ಹದಿಹರೆಯದಲ್ಲಿ ಮನೆಗೆಲಸಕ್ಕೆ ನಿಂತ ಆಕೆ 1925ರಲ್ಲಿ ವಾರ್ಸಾದಲ್ಲಿದ್ದ ಕರುಣೆಯ ಮಾತೆಯ ಸಹೋದರಿಯರ ಸಭೆಯನ್ನು ಸೇರಿ ಸಿಸ್ಟರ್ ಮರಿಯಾ ಫೌಸ್ತೀನಾ ಆದರು. ಮಠದಲ್ಲಿ ಆಕೆಗೆ ಒದಗಿದ ಕೆಲಸಗಳು ಅಡುಗೆ, ತೋಟ ಮತ್ತು ಬಾಗಿಲು ಕಾಯುವುದು. ಕ್ಷಯರೋಗದಿಂದ ಬಳಲಿ, 1938ರ ಅಕ್ಟೋಬರ್ 5ರಂದು ಕ್ರಾಕೋವ್ ನಗರದ ವಾಗೆವ್ನಿಕಿಯ ಮಠದಲ್ಲಿ, ಮೂವತ್ತಮೂರನೆಯ ವಯಸ್ಸಿನಲ್ಲಿ ತೀರಿಕೊಂಡರು. ಆ ವೇಳೆಗೆ ಆಕೆಯ ಅಂತರಂಗದಲ್ಲಿ ನಡೆದದ್ದನ್ನು ಬಲ್ಲವರು ಮಠದೊಳಗೂ ಬೆರಳೆಣಿಕೆಯಷ್ಟೇ ಇದ್ದರು. ಆರು ನೋಟುಪುಸ್ತಕಗಳಲ್ಲಿ ಆಕೆ ಬರೆದಿಟ್ಟ ದಿನಚರಿಯೇ ನಂತರದ ಎಲ್ಲಕ್ಕೂ ಆಧಾರವಾಯಿತು.

ದಿನಚರಿಯ ಪ್ರಕಾರ, 1931ರ ಫೆಬ್ರವರಿ 22ರ ಸಂಜೆ, ಪ್ವೋತ್ಸ್ಕ್ ಪಟ್ಟಣದ ಮಠದ ತಮ್ಮ ಕೋಣೆಯಲ್ಲಿ ಫೌಸ್ತೀನಾ ಬಿಳಿಯ ನಿಲುವಂಗಿ ಧರಿಸಿದ ಯೇಸುವನ್ನು ಕಂಡರು. ಅವರ ಬಲಗೈ ಆಶೀರ್ವದಿಸಲು ಮೇಲೆದ್ದಿತ್ತು, ಎಡಗೈ ಎದೆಯ ಬಳಿ ಅಂಗಿಯನ್ನು ಮುಟ್ಟಿತ್ತು. ಅಲ್ಲಿಂದ ಎರಡು ಕಿರಣಗಳು, ಒಂದು ಕೆಂಪು ಮತ್ತೊಂದು ಮಸುಕು ಬಿಳುಪು, ಹೊರಹೊಮ್ಮುತ್ತಿದ್ದವು. ಕಂಡಂತೆ ಚಿತ್ರ ಬರೆಸಿ, ಅದರ ಕೆಳಗೆ "ಯೇಸುವೇ, ನಾನು ನಿಮ್ಮಲ್ಲಿ ಭರವಸೆಯಿಟ್ಟಿದ್ದೇನೆ" ಎಂಬ ಮಾತನ್ನು ಬರೆಯಿಸಬೇಕೆಂಬ ಆಜ್ಞೆ ಆಕೆಗಾಯಿತು. ಕುಂಚ ಹಿಡಿಯಲು ಬಾರದ ಸಹೋದರಿಗೆ ಇದು ಸಣ್ಣ ಸಂಕಟವಲ್ಲ. ವಿಲ್ನಿಯಸ್ ನಗರಕ್ಕೆ ವರ್ಗವಾದ ಮೇಲೆ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ದೇವಶಾಸ್ತ್ರ ಬೋಧಿಸುತ್ತಿದ್ದ ಗುರು (ಪಾದ್ರಿ) ಮಿಖಾವ್ ಸೊಪೊಚ್ಕೊ ಆಕೆಯ ಪಾಪನಿವೇದನೆ ಕೇಳುವ ಗುರುಗಳಾದರು. ಅವರು ಆಕೆಯ ಮಾತನ್ನು ಸುಮ್ಮನೆ ನಂಬಿಬಿಡಲಿಲ್ಲ. ಮೊದಲು ವೈದ್ಯರಿಂದ ಆಕೆಯ ಮಾನಸಿಕ ಸ್ಥಿತಿಯನ್ನು ಪರೀಕ್ಷೆ ಮಾಡಿಸಿದರು, ಹಿರಿಯರಲ್ಲಿ ವಿಚಾರಿಸಿದರು, ಕಂಡದ್ದನ್ನೆಲ್ಲ ಬರೆದಿಡುವಂತೆ ಹೇಳಿದರು. ಅವರ ಏರ್ಪಾಡಿನಿಂದಲೇ 1934ರಲ್ಲಿ ಕಲಾವಿದ ಎವ್ಗೆನಿಯುಷ್ ಕಜಿಮಿರೋವ್ಸ್ಕಿ ಮೊದಲ ಚಿತ್ರವನ್ನು ಬರೆದರು. ಅದನ್ನು ನೋಡಿದ ಫೌಸ್ತೀನಾ ಅತ್ತರಂತೆ, ತಾವು ಕಂಡ ಯೇಸುವಿನ ಚೆಲುವು ಅದರಲ್ಲಿರಲಿಲ್ಲವೆಂದು. ಚಿತ್ರದ ಹಿರಿಮೆ ಬಣ್ಣದಲ್ಲೂ ಇಲ್ಲ, ಕುಂಚದಲ್ಲೂ ಇಲ್ಲ, ನನ್ನ ಕೃಪೆಯಲ್ಲಿದೆ ಎಂಬ ಅರ್ಥದ ಉತ್ತರ ತಮಗೆ ಕೇಳಿಸಿತೆಂದು ಆಕೆ ದಾಖಲಿಸಿದ್ದಾರೆ. 1935ರ ಏಪ್ರಿಲ್ ಕೊನೆಯಲ್ಲಿ, ಪಾಸ್ಕ (ಈಸ್ಟರ್) ಹಬ್ಬದ ಮರುವಾರ, ವಿಲ್ನಿಯಸ್‌ನ ಮುಂಜಾವಿನ ದ್ವಾರವೆಂದು ಹೆಸರಾದ ಮಾತೆ ಮರಿಯಳ ಪುಣ್ಯಕ್ಷೇತ್ರದಲ್ಲಿ ಅದು ಮೊದಲ ಬಾರಿಗೆ ಜನರ ಕಣ್ಣಿಗೆ ಬಿತ್ತು.

ಚಿತ್ರದ ಎರಡು ಕಿರಣಗಳು ಬರಿಯ ಅಲಂಕಾರವಲ್ಲ. ಶಿಲುಬೆಯ ಮೇಲಿದ್ದ ಯೇಸುವಿನ ಪಕ್ಕೆಯನ್ನು ಸೈನಿಕನೊಬ್ಬ ಈಟಿಯಿಂದ ತಿವಿದಾಗ ರಕ್ತವೂ ನೀರೂ ಹರಿದವೆಂದು ಸಂತ ಯೊವಾನ್ನರ ಶುಭಸಂದೇಶದ ಹತ್ತೊಂಬತ್ತನೆಯ ಅಧ್ಯಾಯ ಹೇಳುತ್ತದೆ. ಧರ್ಮಸಭೆಯ ಪ್ರಾಚೀನ ಪಿತೃಗಳು, ಅಂದರೆ ಆರಂಭದ ಶತಮಾನಗಳ ಬೋಧಕರು, ಆ ನೀರಿನಲ್ಲಿ ಜ್ಞಾನಸ್ನಾನವನ್ನೂ (ದೀಕ್ಷಾಸ್ನಾನ) ಆ ರಕ್ತದಲ್ಲಿ ಕ್ರಿಸ್ತರ ಶರೀರ-ರಕ್ತಗಳೆಂದು ಸ್ವೀಕರಿಸುವ ಪರಮಪ್ರಸಾದವನ್ನೂ ಕಂಡಿದ್ದರು. ಫೌಸ್ತೀನಾ ಕೊಡುವ ವಿವರಣೆಯೂ ಇದೇ ಜಾಡಿನದು: ಮಸುಕು ಕಿರಣ ಆತ್ಮವನ್ನು ಶುದ್ಧಿಗೊಳಿಸುವ ನೀರು, ಕೆಂಪು ಕಿರಣ ಆತ್ಮಕ್ಕೆ ಜೀವವಾದ ರಕ್ತ. ಹಾಗೆಂದ ಮೇಲೆ ಈ ಭಕ್ತಿ ಧರ್ಮಸಭೆಯ ಸಂಸ್ಕಾರಗಳ ಪಕ್ಕದಲ್ಲಿ ತೆರೆದ ಬೇರೊಂದು ಹಾದಿಯಲ್ಲ. ಸಂಸ್ಕಾರಗಳ ಕಡೆಗೇ ಕೈ ತೋರುವ ಫಲಕವದು. ಚಿತ್ರದ ಮುಂದೆ ದೀಪ ಹಚ್ಚಿ, ಪಾಪನಿವೇದನೆಯ ಪೀಠದ ಕಡೆ ವರ್ಷಗಟ್ಟಲೆ ಸುಳಿಯದವರು ಅದರ ಅರ್ಥದ ಅರ್ಧವನ್ನಷ್ಟೇ ಹಿಡಿದಂತಾಗುತ್ತದೆ.

ಇನ್ನು ನಿತ್ಯಪ್ರಾರ್ಥನೆಗೆ ಬರೋಣ. 1935ರ ಸೆಪ್ಟೆಂಬರ್ 13ರಂದು ವಿಲ್ನಿಯಸ್‌ನಲ್ಲಿ ಫೌಸ್ತೀನಾ ಕಂಡದ್ದು ಸೌಮ್ಯವಾದ ದರ್ಶನವಲ್ಲ. ದೇವರ ದಂಡನೆಯನ್ನು ಲೋಕಕ್ಕೆ ತರಲು ಹೊರಟ ದೂತನೊಬ್ಬನನ್ನು ಕಂಡ ಆಕೆ ತಡೆಯುವಂತೆ ಬೇಡಿಕೊಂಡರೂ ಆ ಬೇಡಿಕೆಗೆ ಬಲ ಸಾಲಲಿಲ್ಲವಂತೆ. ಆಗ ಅಂತರಂಗದಲ್ಲಿ ಕೇಳಿಸಿದ ಮಾತುಗಳಿಂದ ಪ್ರಾರ್ಥಿಸಿದಾಗ ದೂತನ ಕೈ ಕಟ್ಟಿಹೋಯಿತು. ಮರುದಿನ ಅದೇ ಮಾತುಗಳನ್ನು ಜಪಸರದ ಮೇಲೆ ಹೇಗೆ ಹೇಳಬೇಕೆಂಬುದು ಆಕೆಗೆ ತಿಳಿಸಲ್ಪಟ್ಟಿತು. ಈ ಕಥನವನ್ನು ಅಕ್ಷರಶಃ ಓದಿ, ಪಿತನು ಕೋಪಿಷ್ಠ, ಸುತನು ಮಾತ್ರ ದಯಾಳು ಎಂದು ಭಾವಿಸುವವರಿದ್ದಾರೆ. ಇದು ದೊಡ್ಡ ತಪ್ಪು ತಿಳಿವಳಿಕೆ. ಪ್ರಾರ್ಥನೆಯ ಮಾತುಗಳನ್ನೇ ಗಮನಿಸಿದರೆ ಅದು ತಾನಾಗಿ ಕರಗುತ್ತದೆ: ಇಡೀ ಜಪ ಪಿತನನ್ನೇ ಸಂಬೋಧಿಸುತ್ತದೆ, ಪಿತನಲ್ಲಿಯೇ ಕರುಣೆಯನ್ನು ಬೇಡುತ್ತದೆ, ಪಿತನೇ ಲೋಕಕ್ಕೆ ಕೊಟ್ಟ ಪ್ರಿಯ ಸುತನನ್ನು ಆತನಿಗೆ ಮರಳಿ ಅರ್ಪಿಸುತ್ತದೆ.

ಜಪದ ಕ್ರಮ ಸರಳವಾಗಿದೆ. ಸಾಮಾನ್ಯ ಜಪಸರವೇ ಸಾಕು. ಶಿಲುಬೆಯ ಗುರುತಿನಿಂದ ಆರಂಭಿಸಿ "ಪರಲೋಕದಲ್ಲಿರುವ ನಮ್ಮ ತಂದೆಯೇ", "ನಮೋ ಮರಿಯಾ" ಮತ್ತು ಪ್ರೇಷಿತರ ವಿಶ್ವಾಸ ಸಂಗ್ರಹವನ್ನು ಒಂದೊಂದು ಸಲ ಹೇಳಬೇಕು. ಬಳಿಕ ಐದು ದಶಕಗಳಲ್ಲಿ, ಅಂದರೆ ಹತ್ತು ಹತ್ತು ಮಣಿಗಳ ಗುಂಪುಗಳಲ್ಲಿ, ಪ್ರತಿಯೊಂದರ ಆರಂಭದ ದೊಡ್ಡ ಮಣಿಯ ಮೇಲೆ ನಿತ್ಯ ಪಿತನಿಗೆ ಆತನ ಪ್ರಿಯ ಸುತನೂ ನಮ್ಮ ಪ್ರಭುವೂ ಆದ ಯೇಸುಕ್ರಿಸ್ತರ ಶರೀರ, ರಕ್ತ, ಆತ್ಮ ಮತ್ತು ದೈವತ್ವವನ್ನು ನಮ್ಮ ಹಾಗೂ ಸಮಸ್ತ ಲೋಕದ ಪಾಪಗಳ ಪರಿಹಾರಕ್ಕಾಗಿ ಅರ್ಪಿಸುವ ಪ್ರಾರ್ಥನೆ. ಹತ್ತು ಸಣ್ಣ ಮಣಿಗಳ ಮೇಲೆ, ಆ ಯೇಸುವಿನ ದಾರುಣ ಯಾತನೆಯ ಮುಖಾಂತರ ನಮ್ಮ ಮೇಲೂ ಸಮಸ್ತ ಲೋಕದ ಮೇಲೂ ಕರುಣೆ ತೋರಬೇಕೆಂಬ ಬೇಡಿಕೆ. ಕೊನೆಯಲ್ಲಿ ಪರಿಶುದ್ಧ ದೇವರೇ, ಪರಿಶುದ್ಧ ಸರ್ವಶಕ್ತರೇ, ಪರಿಶುದ್ಧ ಅಮರರೇ ಎಂಬ ಮೊರೆ ಮೂರು ಸಲ. ಅವಸರವಿಲ್ಲದೆ ಹೇಳಿದರೂ ಹತ್ತು ನಿಮಿಷಗಳ ಆಸುಪಾಸಿನಲ್ಲಿ ಮುಗಿಯುತ್ತದೆ. ಈ ಭಕ್ತಿ ಬೇಗ ಹರಡಿದುದಕ್ಕೆ ಇದೂ ಒಂದು ಕಾರಣವಿರಬೇಕು.

ಆ ದೊಡ್ಡ ಮಣಿಯ ಪ್ರಾರ್ಥನೆಯಲ್ಲಿಯೇ ಇಡೀ ಜಪದ ತಿರುಳಿದೆ, ಹಾಗೆಯೇ ಅದರ ಅತ್ಯಂತ ಕಠಿಣವಾದ ಭಾಗವೂ ಇದೆ. ಶರೀರ, ರಕ್ತ, ಆತ್ಮ, ದೈವತ್ವ ಎಂಬ ನಾಲ್ಕು ಮಾತುಗಳು ಒಟ್ಟಿಗೆ ಬರುವುದು ಆಕಸ್ಮಿಕವಲ್ಲ. 1551ರಲ್ಲಿ ಧರ್ಮಾಧ್ಯಕ್ಷರ ಟ್ರೆಂಟ್ ಮಹಾಸಭೆಯು ಪರಮಪ್ರಸಾದದಲ್ಲಿ ಕ್ರಿಸ್ತರು ನಿಜವಾಗಿಯೂ ಪೂರ್ಣವಾಗಿಯೂ ಇದ್ದಾರೆಂಬ ವಿಶ್ವಾಸವನ್ನು ಇದೇ ನಾಲ್ಕು ಮಾತುಗಳಲ್ಲಿ ಹೇಳಿತ್ತು. ಆದ್ದರಿಂದ ಜಪ ಹೇಳುವವರು ಎಲ್ಲಿದ್ದರೂ, ಆ ಕ್ಷಣ ಬಲಿಪೂಜೆಯ (ಮಾಸ್) ಅರ್ಪಣೆಯೊಂದಿಗೆ ತಮ್ಮನ್ನು ಜೋಡಿಸಿಕೊಳ್ಳುತ್ತಾರೆ. ದೈವತ್ವವನ್ನು ಮನುಷ್ಯ ಅರ್ಪಿಸುವುದು ಹೇಗೆ ಸಾಧ್ಯ ಎಂಬ ಆಕ್ಷೇಪವನ್ನು ಕೆಲವರು ಎತ್ತಿದ್ದಾರೆ. ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ, ಏಕೆಂದರೆ ದೈವತ್ವ ಯಾರ ಸ್ವತ್ತೂ ಅಲ್ಲ. ಅದಕ್ಕೆ ದೇವಶಾಸ್ತ್ರದ ಉತ್ತರ ಹೀಗಿದೆ: ಇಲ್ಲಿ ಅರ್ಪಿತವಾಗುವುದು ಕ್ರಿಸ್ತರ ಒಂದೊಂದು ಅಂಶವಲ್ಲ, ದೇವರೂ ಮನುಷ್ಯರೂ ಆದ ಕ್ರಿಸ್ತರೆಂಬ ಇಡೀ ವ್ಯಕ್ತಿ; ಅವರು ತಮ್ಮನ್ನು ತಾವೇ ಶಿಲುಬೆಯಲ್ಲಿ ಒಮ್ಮೆಗೇ ಅರ್ಪಿಸಿಕೊಂಡಿದ್ದಾರೆ; ಜ್ಞಾನಸ್ನಾನ ಪಡೆದವರು ಕ್ರಿಸ್ತರ ಯಾಜಕತ್ವದಲ್ಲಿ ತಮ್ಮ ಪಾಲನ್ನು ಪಡೆದಿರುವುದರಿಂದ ಆ ಅರ್ಪಣೆಯನ್ನು ತಮ್ಮದಾಗಿಸಿಕೊಂಡು ಪಿತನ ಮುಂದಿಡಬಲ್ಲರು. ಬಲಿಪೂಜೆಯನ್ನು ಅರ್ಪಿಸುವ ಅಧಿಕಾರ ಗುರುಗಳದ್ದೇ. ಆ ಬಲಿಯೊಂದಿಗೆ ತಮ್ಮನ್ನು ಅರ್ಪಿಸಿಕೊಳ್ಳುವ ಹಕ್ಕು ಮಾತ್ರ ಎಲ್ಲ ವಿಶ್ವಾಸಿಗಳದ್ದು.

ಇಲ್ಲಿ ಮೊದಲ ಪ್ರಶ್ನೆಗೆ ಅರ್ಧ ಉತ್ತರ ಸಿಗುತ್ತದೆ. ಬೇಡುವವರು ತಮ್ಮ ಯೋಗ್ಯತೆಯನ್ನು ಮುಂದಿಟ್ಟು ಬೇಡುತ್ತಿಲ್ಲ. ಕ್ರಿಸ್ತರ ಯಾತನೆಯೊಂದನ್ನೇ ಆಧಾರವಾಗಿ ಹಿಡಿದು ಬೇಡುತ್ತಾರೆ, ಮತ್ತು ಆ ಯಾತನೆ ಈಗಾಗಲೇ ಸಂದಿರುವುದರಿಂದ ದೇವರ ಒಲವನ್ನು ಹೊಸದಾಗಿ ಗಿಟ್ಟಿಸಬೇಕಾದ ಅಗತ್ಯ ಅವರಿಗಿಲ್ಲ. ಐವತ್ತು ಸಲದ ಪುನರುಚ್ಚಾರ ಲೆಕ್ಕ ತುಂಬಿಸುವ ಸೇವೆಯಲ್ಲ. ಕೊಡಲು ಸಿದ್ಧನಾಗಿರುವವನ ಎದುರು ಪಡೆಯಲು ಸಿದ್ಧವಾಗದ ಮನಸ್ಸನ್ನು ನಿಧಾನವಾಗಿ ಹದಗೊಳಿಸುವ ರೀತಿ. ದಿನಚರಿಯು ಭರವಸೆಯನ್ನು ಪಾತ್ರೆಯೆಂದು ಕರೆಯುತ್ತದೆ: ಕೃಪೆಯನ್ನು ತುಂಬಿಕೊಳ್ಳಲು ಇರುವುದು ಅದೊಂದೇ ಪಾತ್ರೆ, ಅದು ದೊಡ್ಡದಾದಷ್ಟೂ ಹೆಚ್ಚು ದೊರೆಯುತ್ತದೆ. ಚಿತ್ರದ ಕೆಳಗಿನ ಆ ಒಂದು ಸಾಲು ಕೂಡ ಬೇಡಿಕೆಯಲ್ಲ, ಭರವಸೆಯ ಮಾತು. ಭರವಸೆ ಎಂದರೆ ಕೇಳಿದ್ದು ಸಿಕ್ಕೇ ಸಿಗುತ್ತದೆಂಬ ಲೆಕ್ಕಾಚಾರವಲ್ಲ. ಕೇಳಿದ್ದು ಸಿಗದಾಗಲೂ ಕೊಡುವವನು ಒಳ್ಳೆಯವನೆಂದು ಹಿಡಿದು ನಿಲ್ಲುವುದು ಭರವಸೆ. ಅದು ಒಂದು ದಿನದಲ್ಲಿ ಕುದುರುವಂಥದ್ದಲ್ಲ, ಆದುದರಿಂದಲೇ ಪ್ರಾರ್ಥನೆ ಪ್ರತಿದಿನದ್ದು.

ಉತ್ತರದ ಉಳಿದರ್ಧ "ನಮ್ಮ ಮೇಲೂ ಸಮಸ್ತ ಲೋಕದ ಮೇಲೂ" ಎಂಬ ಮಾತಿನಲ್ಲಿದೆ. ಇಡೀ ಜಪದಲ್ಲಿ ತನಗೊಬ್ಬನಿಗೇ ಕರುಣೆ ಕೇಳುವ ಸಾಲು ಇಲ್ಲ. ತನ್ನ ಕಷ್ಟ ಹೇಳಿಕೊಳ್ಳಲೆಂದು ಮಣಿ ಹಿಡಿದವರೂ ಐವತ್ತು ಬಾರಿ ಲೋಕದ ಹೆಸರನ್ನು ಎತ್ತದೆ ಜಪ ಮುಗಿಸಲಾರರು. ತಾವು ದ್ವೇಷಿಸುವವರೂ ತಮ್ಮನ್ನು ನೋಯಿಸಿದವರೂ ಆ ಲೋಕದೊಳಗೇ ಇದ್ದಾರೆ. ಕೊನೆಯ ತ್ರಿವಾರ ಮೊರೆಯೂ ಸಾಮೂಹಿಕ ಸಂಕಟದ ನೆನಪನ್ನು ಹೊತ್ತದ್ದೇ. ಪೂರ್ವದ ಕ್ರೈಸ್ತ ಆರಾಧನಾವಿಧಿಗಳಲ್ಲಿ ಅದು ಐದನೆಯ ಶತಮಾನದಿಂದಲೂ ಕೇಳಿಬರುತ್ತಿದೆ. ರೋಮನ್ ವಿಧಿಯಲ್ಲಿ ಶುಭಶುಕ್ರವಾರದ ಶಿಲುಬೆಯ ಆರಾಧನೆಯಲ್ಲಿ ಅದಕ್ಕೆ ಸ್ಥಾನವಿದೆ. ಪೋಲೆಂಡಿನ ದೇವಾಲಯಗಳಲ್ಲಿ ಯುದ್ಧ, ಬರ, ರೋಗಗಳ ಕಾಲದಲ್ಲಿ ಜನ ಮಂಡಿಯೂರಿ ಹಾಡುವ ಮೊರೆಯೂ ಅದೇ. ಹಳ್ಳಿಯ ದೇವಾಲಯದಲ್ಲಿ ಬೆಳೆದ ಫೌಸ್ತೀನಾರಿಗೆ ಆ ದನಿ ಹೊಸದಾಗಿರಲಾರದು.

ದಿನದ ಯಾವ ಹೊತ್ತಿನಲ್ಲಿ ಬೇಕಾದರೂ ಈ ಜಪವನ್ನು ಹೇಳಬಹುದು. ಆದರೂ ಮಧ್ಯಾಹ್ನ ಮೂರು ಗಂಟೆಗೆ ವಿಶೇಷ ಮಹತ್ವವಿದೆ, ಏಕೆಂದರೆ ಶುಭಸಂದೇಶಗಳ ಪ್ರಕಾರ ಯೇಸು ಪ್ರಾಣಬಿಟ್ಟದ್ದು ಆ ಹೊತ್ತಿನಲ್ಲಿ. 1937ರ ಅಕ್ಟೋಬರ್‌ನಲ್ಲಿ ಕರುಣೆಯ ಗಳಿಗೆಯೆಂದು ಕರೆಯುವ ಈ ಹೊತ್ತಿನ ಕುರಿತು ಫೌಸ್ತೀನಾ ಬರೆದುಕೊಂಡರು. ಆ ಹೊತ್ತಿನ ಆಚರಣೆಯನ್ನು ದಿನಚರಿ ಹೇಳುವ ರೀತಿ ನನಗೆ ಬಹಳ ಮೆಚ್ಚುಗೆಯಾದದ್ದು: ಕರ್ತವ್ಯ ಬಿಡುವು ಕೊಟ್ಟರೆ ಶಿಲುಬೆಯ ಹಾದಿಯ ಪ್ರಾರ್ಥನೆ ಮಾಡಬೇಕು; ಆಗದಿದ್ದರೆ ಕ್ಷಣಕಾಲ ಪ್ರಾರ್ಥನಾಲಯ ಹೊಕ್ಕು ಪರಮಪ್ರಸಾದದ ಮುಂದೆ ನಿಲ್ಲಬೇಕು; ಅದೂ ಸಾಧ್ಯವಾಗದಿದ್ದರೆ ಇದ್ದಲ್ಲಿಯೇ, ಅರೆಗಳಿಗೆಯಾದರೂ, ಮನಸ್ಸನ್ನು ಯೇಸುವಿನ ಯಾತನೆಯ ಕಡೆಗೆ ತಿರುಗಿಸಬೇಕು. ಅಡುಗೆಮನೆಯ ಒಲೆ ಬಿಟ್ಟು ಹೋಗಲಾಗದ ಸಹೋದರಿಯೊಬ್ಬರು ಬರೆದ ನಿಯಮವಿದು ಎಂಬುದನ್ನು ಮರೆಯಬಾರದು. ಗಡಿಯಾರ ಮೂರು ಹೊಡೆದೊಡನೆ ಹೇಳದಿದ್ದರೆ ಫಲವಿಲ್ಲವೆಂಬ ಭಯಕ್ಕೆ ಇದರಲ್ಲಿ ಆಧಾರವಿಲ್ಲ.

ಭಕ್ತಿಯ ಚರಿತ್ರೆಯಲ್ಲಿ ಒಂದು ಕತ್ತಲಿನ ಅಧ್ಯಾಯವೂ ಇದೆ, ಅದನ್ನು ಮುಚ್ಚಿಟ್ಟು ಹೇಳುವ ಲೇಖನಗಳನ್ನು ನಾನು ಒಪ್ಪಲಾರೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೋಲೆಂಡಿನ ಜನರ ನಡುವೆ ಚಿತ್ರವೂ ಜಪವೂ ವೇಗವಾಗಿ ಹಬ್ಬಿದವು. ಅದೋಲ್ಫ್ ಹಿವಾ ಎಂಬ ಕಲಾವಿದ ಯುದ್ಧದ ನಡುವೆಯೇ ವಾಗೆವ್ನಿಕಿಯ ಮಠಕ್ಕೆ ಬರೆದುಕೊಟ್ಟ ಚಿತ್ರವೇ ಮುಂದೆ ಜಗತ್ತಿನಾದ್ಯಂತ ಹೆಚ್ಚು ಪರಿಚಿತವಾಯಿತು. ಆದರೆ 1959ರ ಮಾರ್ಚ್‌ನಲ್ಲಿ ವಿಶ್ವಾಸದ ಬೋಧನೆಯನ್ನು ಕಾಯುವ ರೋಮ್ ನಗರದ ಪವಿತ್ರ ಕಚೇರಿಯು ಫೌಸ್ತೀನಾ ಸೂಚಿಸಿದ ರೂಪದಲ್ಲಿ ಈ ಭಕ್ತಿಯ ಚಿತ್ರಗಳನ್ನೂ ಬರಹಗಳನ್ನೂ ಪ್ರಚಾರ ಮಾಡಕೂಡದೆಂದು ಪ್ರಕಟಿಸಿತು. ಅಧಿಕಾರಿಗಳ ಕೈಗೆ ಸಿಕ್ಕಿದ್ದ ಅನುವಾದಗಳು ದೋಷಪೂರ್ಣವಾಗಿದ್ದವು, ಕಮ್ಯುನಿಸ್ಟ್ ಆಡಳಿತದ ಪೋಲೆಂಡಿನಿಂದ ಮೂಲ ದಾಖಲೆಗಳು ರೋಮ್ ತಲುಪುವುದು ಸುಲಭವಿರಲಿಲ್ಲ. ಗುರು ಸೊಪೊಚ್ಕೊ ಅವರು ಈ ನಿರ್ಬಂಧದ ನೆರಳಿನಲ್ಲಿಯೇ 1975ರಲ್ಲಿ ತೀರಿಕೊಂಡರು. ಈ ನಡುವೆ, 1965ರಲ್ಲಿ, ಕ್ರಾಕೋವ್‌ನ ಮಹಾಧರ್ಮಾಧ್ಯಕ್ಷರಾಗಿದ್ದ ಕಾರೋಲ್ ವೊಯ್ತಿವಾ ಅವರು ಫೌಸ್ತೀನಾರ ಬದುಕು ಹಾಗೂ ಬರಹಗಳ ವಿಧಿವತ್ತಾದ ವಿಚಾರಣೆಯನ್ನು ಆರಂಭಿಸಿದ್ದರು. ಮೂಲ ದಾಖಲೆಗಳನ್ನು ಪರಿಶೀಲಿಸಿದ ಬಳಿಕ 1978ರ ಏಪ್ರಿಲ್ 15ರಂದು ರೋಮ್ ನಿರ್ಬಂಧವನ್ನು ತೆಗೆದುಹಾಕಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ವೊಯ್ತಿವಾ ಅವರೇ ಎರಡನೆಯ ಜಾನ್ ಪೌಲ್ ಎಂಬ ಹೆಸರಿನಿಂದ ಜಗದ್ಗುರುಗಳು, ಅಂದರೆ ಪೋಪ್, ಆದರು.

ಅವರಿಗೆ ಈ ಭಕ್ತಿ ಪುಸ್ತಕದಿಂದ ಬಂದದ್ದಲ್ಲ. ಜರ್ಮನ್ ಆಕ್ರಮಣದ ವರ್ಷಗಳಲ್ಲಿ ವಾಗೆವ್ನಿಕಿಯ ಸಮೀಪದ ಕಾರ್ಖಾನೆಯಲ್ಲಿ ಕೂಲಿಯಾಗಿದ್ದ ಅವರು ಮರದ ಪಾದರಕ್ಷೆ ಮೆಟ್ಟಿಕೊಂಡು ಆ ದಾರಿಯಲ್ಲೇ ನಡೆದಾಡುತ್ತಿದ್ದುದನ್ನು ಮುಂದೆ ತಾವೇ ನೆನೆದಿದ್ದಾರೆ. 1980ರಲ್ಲಿ ದೇವರ ಕರುಣೆಯ ಕುರಿತು ಒಂದು ಪರಿಪತ್ರ ಬರೆದರು. 1993ರಲ್ಲಿ ಫೌಸ್ತೀನಾರಿಗೆ ಧನ್ಯ ಪದವಿಯನ್ನೂ 2000ದ ಏಪ್ರಿಲ್ 30ರಂದು ಸಂತ ಪದವಿಯನ್ನೂ ನೀಡಿ, ಪಾಸ್ಕ ಕಾಲದ ಎರಡನೆಯ ಭಾನುವಾರವನ್ನು ಇಡೀ ಧರ್ಮಸಭೆ ದೈವಕರುಣೆಯ ಭಾನುವಾರವಾಗಿ ಆಚರಿಸಬೇಕೆಂದು ಸಾರಿದರು. 2005ರಲ್ಲಿ ಅವರು ಕೊನೆಯುಸಿರೆಳೆದದ್ದು ಆ ಭಾನುವಾರದ ಹಿಂದಿನ ಸಂಜೆ. ಗುರು ಸೊಪೊಚ್ಕೊ ಅವರಿಗೆ 2008ರಲ್ಲಿ ಧನ್ಯ ಪದವಿ ದೊರೆಯಿತು.

ಆ ಭಾನುವಾರವನ್ನೇ ಆರಿಸಿದ್ದಕ್ಕೆ ತಕ್ಕ ಕಾರಣವಿದೆ. ಅಂದು ಓದುವ ಶುಭಸಂದೇಶದಲ್ಲಿ ಪುನರುತ್ಥಾನರಾದ ಯೇಸು ಮುಚ್ಚಿದ ಬಾಗಿಲುಗಳ ಒಳಗೆ ಬಂದು, ತಮ್ಮನ್ನು ಬಿಟ್ಟು ಓಡಿಹೋಗಿದ್ದ ಶಿಷ್ಯರಿಗೆ ಮೊದಲು ಶಾಂತಿಯನ್ನು ಕೊಡುತ್ತಾರೆ. ಅವರ ಮೇಲೆ ಉಸಿರೂದಿ ಪಾಪಗಳನ್ನು ಕ್ಷಮಿಸುವ ಅಧಿಕಾರವನ್ನು ಒಪ್ಪಿಸುತ್ತಾರೆ. ಎಂಟು ದಿನಗಳ ಬಳಿಕ ನಂಬಲಾರದ ತೋಮನಿಗೆ ತಮ್ಮ ಗಾಯಗಳನ್ನು ಮುಟ್ಟಿ ನೋಡಲು ಹೇಳುತ್ತಾರೆ. ಚಿತ್ರದಲ್ಲಿರುವವರೂ ಇದೇ ಯೇಸು: ಜೀವಂತರಾಗಿ ಎದುರು ನಡೆದು ಬರುವವರು, ಆದರೆ ಕೈಕಾಲುಗಳ ಗಾಯಗಳು ಮಾಸದವರು. 2002ರಲ್ಲಿ ರೋಮ್ ಹೊರಡಿಸಿದ ಆಜ್ಞೆಯ ಪ್ರಕಾರ, ಪಾಪನಿವೇದನೆ ಮಾಡಿ, ಪರಮಪ್ರಸಾದ ಸ್ವೀಕರಿಸಿ, ಜಗದ್ಗುರುಗಳ ಉದ್ದೇಶಗಳಿಗಾಗಿ ಪ್ರಾರ್ಥಿಸಿ, ಎಲ್ಲ ಪಾಪದ ಮೇಲಿನ ಮೋಹವನ್ನು ತೊರೆದು ಅಂದಿನ ಭಕ್ತಿಕಾರ್ಯಗಳಲ್ಲಿ ಪಾಲ್ಗೊಳ್ಳುವವರಿಗೆ ಪಾಪದ ತಾತ್ಕಾಲಿಕ ದಂಡನೆಯಿಂದ ಪೂರ್ಣ ವಿಮೋಚನೆ ದೊರೆಯುತ್ತದೆ. ಈ ಷರತ್ತುಗಳನ್ನು ಬಿಟ್ಟು ವಾಗ್ದಾನವನ್ನು ಮಾತ್ರ ನೆನಪಿಡುವುದು ನಡೆದುಬಂದ ರೂಢಿ.

ವಾಗ್ದಾನದ ಮಾತು ಬಂದುದರಿಂದ ಇನ್ನೊಂದು ವಿಷಯವನ್ನೂ ಸ್ಪಷ್ಟಪಡಿಸಬೇಕು. ಫೌಸ್ತೀನಾರ ದರ್ಶನಗಳು ಧರ್ಮಸಭೆಯ ಭಾಷೆಯಲ್ಲಿ ಖಾಸಗಿ ಪ್ರಕಟನೆಗಳು. ಸಂತ ಪದವಿ ಸಿಕ್ಕಿತೆಂದ ಮಾತ್ರಕ್ಕೆ ದಿನಚರಿ ಬೈಬಲಿಗೆ ಸಮವಾಗುವುದಿಲ್ಲ. ಕ್ರಿಸ್ತರಲ್ಲಿ ದೇವರ ಪ್ರಕಟನೆ ಪೂರ್ಣಗೊಂಡಿದೆ. ಇಂಥ ದರ್ಶನಗಳು ಅದಕ್ಕೆ ಏನನ್ನೂ ಸೇರಿಸಲಾರವು, ಅದನ್ನು ಒಂದು ಕಾಲಘಟ್ಟದಲ್ಲಿ ಇನ್ನಷ್ಟು ಚೆನ್ನಾಗಿ ಬಾಳಲು ನೆರವಾಗಬಲ್ಲವು ಎಂಬುದು ಧರ್ಮಸಭೆಯ ಧರ್ಮೋಪದೇಶ ಗ್ರಂಥದ ನಿಲುವು. ಆದುದರಿಂದ ಈ ಜಪವನ್ನು ಹೇಳದ ಕಥೋಲಿಕರು ವಿಶ್ವಾಸದಲ್ಲಿ ಕಡಿಮೆಯವರಲ್ಲ. ಕರುಣೆಯನ್ನು ಬೇಡುವ ಕಾರ್ಯವಂತೂ ಫೌಸ್ತೀನಾರಿಗಿಂತ ಬಹಳ ಹಳೆಯದು. ಪ್ರತಿ ಬಲಿಪೂಜೆಯ ಆರಂಭದಲ್ಲಿ "ಪ್ರಭುವೇ ಕರುಣಿಸಿರಿ" ಎನ್ನುತ್ತೇವೆ. ಕೀರ್ತನೆಗಳ ಗ್ರಂಥದ 136ನೆಯ ಕೀರ್ತನೆಯ ಇಪ್ಪತ್ತಾರು ಚರಣಗಳಲ್ಲಿ ಪ್ರತಿಯೊಂದೂ ದೇವರ ಪ್ರೀತಿ ಶಾಶ್ವತವೆಂಬ ಪಲ್ಲವಿಯಲ್ಲಿಯೇ ಮುಗಿಯುತ್ತದೆ. ಪುನರುಚ್ಚಾರವನ್ನು ಟೀಕಿಸುವವರು ಆ ಕೀರ್ತನೆಯನ್ನೊಮ್ಮೆ ಗಟ್ಟಿಯಾಗಿ ಓದಿ ನೋಡಬೇಕು.

ಕರುಣೆ ಹೆಚ್ಚಾದರೆ ನ್ಯಾಯ ಕುಂದುವುದಿಲ್ಲವೇ ಎಂಬುದು ಮತ್ತೊಂದು ಹಳೆಯ ಚರ್ಚೆ. ಹದಿಮೂರನೆಯ ಶತಮಾನದಲ್ಲಿ ಸಂತ ತೋಮಸ್ ಅಕ್ವಿನಾಸ್ ಇದಕ್ಕೆ ಕೊಟ್ಟ ಉತ್ತರ ಇಂದಿಗೂ ಹಳತಾಗಿಲ್ಲ. ತಾನು ನೂರು ನಾಣ್ಯ ಸಲ್ಲಿಸಬೇಕಾಗಿರುವವನಿಗೆ ತನ್ನ ಗಂಟಿನಿಂದಲೇ ಇನ್ನೂರು ಕೊಟ್ಟವನು ನ್ಯಾಯವನ್ನು ಮುರಿಯಲಿಲ್ಲ, ನ್ಯಾಯವನ್ನು ಮೀರಿ ಉದಾರನಾದ. ಕರುಣೆ ನ್ಯಾಯವನ್ನು ಅಳಿಸುವುದಿಲ್ಲ, ತುಂಬಿ ತುಳುಕಿಸುತ್ತದೆ. ಆದರೆ ಕ್ಷಮೆ ಬೇಕೇ ಇಲ್ಲದವನಿಗೆ ಕ್ಷಮೆಯನ್ನು ತುರುಕಲಾಗದು. ಆದ್ದರಿಂದ ಧರ್ಮಸಭೆ ಎರಡು ಅಂಚುಗಳನ್ನೂ ನಿರೀಕ್ಷೆಯ ವಿರುದ್ಧದ ಪಾಪಗಳೆಂದೇ ಎಣಿಸುತ್ತದೆ: ನನ್ನ ಪಾಪಕ್ಕೆ ಕ್ಷಮೆಯೇ ಇಲ್ಲವೆಂಬ ಹತಾಶೆ ಒಂದು, ದೇವರು ಹೇಗೂ ಕ್ಷಮಿಸುವನೆಂದು ಮನಸ್ಸು ತಿರುಗಿಸದೆ ನಡೆಯುವ ಉದ್ಧಟತನ ಇನ್ನೊಂದು. ನಿತ್ಯಜಪ ಮೊದಲನೆಯದಕ್ಕೆ ಮದ್ದು. ಎರಡನೆಯದಕ್ಕೆ ಅದನ್ನು ನೆಪವಾಗಿಸಿಕೊಳ್ಳುವ ಅಪಾಯ ಮಾತ್ರ ಸದಾ ಇದ್ದೇ ಇದೆ.

ಆ ಅಪಾಯಕ್ಕೆ ದಿನಚರಿಯೇ ಒಡ್ಡಿದ ತಡೆ ಬಲು ನೇರವಾದದ್ದು. ಕೃತಿ, ಮಾತು, ಪ್ರಾರ್ಥನೆ, ಈ ಮೂರು ಬಗೆಯಲ್ಲಿ ನೆರೆಯವರಿಗೆ ಕರುಣೆ ತೋರಬೇಕು; ಯಾವಾಗಲೂ, ಎಲ್ಲೆಡೆಯೂ ತೋರಬೇಕು; ಅದರಿಂದ ನುಣುಚಿಕೊಳ್ಳುವಂತಿಲ್ಲ ಎಂದು ಅದು ಹೇಳುತ್ತದೆ. ಕೃತಿಯನ್ನು ಮೊದಲಿಟ್ಟು ಪ್ರಾರ್ಥನೆಯನ್ನು ಕೊನೆಗಿಟ್ಟದ್ದು ಗಮನಾರ್ಹ. ಕೈಯಲ್ಲಿ ಏನೂ ಆಗದವರಿಗೆ, ಬಾಯಿಮಾತಿನಿಂದಲೂ ನೆರವಾಗಲಾರದವರಿಗೆ ಪ್ರಾರ್ಥನೆ ಉಳಿಯುತ್ತದೆ. ಆದರೆ ಕೈಲಾಗುವವರು ಪ್ರಾರ್ಥನೆಯ ಹಿಂದೆ ಅಡಗಿಕೊಳ್ಳಬಾರದು. ಹಸಿದವರಿಗೆ ಅನ್ನ, ರೋಗಿಗಳ ಭೇಟಿ, ಸೆರೆಯಲ್ಲಿರುವವರ ಭೇಟಿ ಎಂದು ಸಂತ ಮತ್ತಾಯರ ಶುಭಸಂದೇಶದ ಇಪ್ಪತ್ತೈದನೆಯ ಅಧ್ಯಾಯ ಕೊಡುವ ಪಟ್ಟಿಯೇ ಇಲ್ಲಿಯೂ ಅಳತೆಗೋಲು. ಸಾಯುತ್ತಿರುವವರ ಪಕ್ಕದಲ್ಲಿ ಕುಳಿತು ಈ ಜಪವನ್ನು ಹೇಳುವ ಪದ್ಧತಿಯಲ್ಲಿ ಕೃತಿಯೂ ಪ್ರಾರ್ಥನೆಯೂ ಒಂದಾಗುತ್ತವೆ. ಫೌಸ್ತೀನಾ ಅದನ್ನು ವಿಶೇಷವಾಗಿ ಒತ್ತಿ ಹೇಳಿದ್ದಾರೆ.

ಶುಭಶುಕ್ರವಾರದಿಂದ ಆರಂಭವಾಗಿ ಕರುಣೆಯ ಭಾನುವಾರದ ಮುನ್ನಾದಿನ ಮುಗಿಯುವ ಒಂಬತ್ತು ದಿನಗಳ ನವೇನವೂ ಇದೇ ಜಪದ ಸುತ್ತ ಹೆಣೆದದ್ದು. ಪ್ರತಿದಿನ ಒಂದೊಂದು ಬಗೆಯ ಜನರನ್ನು ಯೇಸುವಿನ ಬಳಿಗೆ ಪ್ರಾರ್ಥನೆಯಲ್ಲಿ ಕರೆತರಬೇಕು. ಮೊದಲ ದಿನ ಇಡೀ ಮನುಕುಲ, ಅದರಲ್ಲೂ ಪಾಪಿಗಳು. ಬಳಿಕ ಗುರುಗಳು ಮತ್ತು ಕನ್ಯಾಸ್ತ್ರೀಯರು, ನಿಷ್ಠಾವಂತ ಭಕ್ತರು, ಯೇಸುವನ್ನು ಅರಿಯದವರು, ಧರ್ಮಸಭೆಯಿಂದ ಬೇರೆಯಾದವರು, ದೀನರು ಮತ್ತು ಪುಟ್ಟ ಮಕ್ಕಳು, ಕರುಣೆಯ ವಿಶೇಷ ಭಕ್ತರು, ಉತ್ತರಿಸುವ ಸ್ಥಳದಲ್ಲಿ, ಅಂದರೆ ಮರಣದ ಬಳಿಕದ ಶುದ್ಧೀಕರಣದಲ್ಲಿ, ಇರುವ ಆತ್ಮಗಳು ಎಂದು ಈ ಸಾಲು ಮುಂದುವರಿಯುತ್ತದೆ. ಕೊನೆಯ ದಿನವನ್ನು ಘೋರ ಪಾಪಿಗಳಿಗೋ ನಾಸ್ತಿಕರಿಗೋ ಮೀಸಲಿಟ್ಟಿರಬಹುದೆಂದು ಊಹಿಸಿದವರಿಗೆ ಅಲ್ಲಿ ಸಿಗುವುದು ಬೇರೆಯೇ. ಒಂಬತ್ತನೆಯ ದಿನ ಉಗುರುಬೆಚ್ಚಗಿನ ಆತ್ಮಗಳದ್ದು: ನಂಬಿಕೆಯನ್ನು ಬಿಡದವರು, ಬಹುಶಃ ಪ್ರಾರ್ಥನೆಯನ್ನೂ ತಪ್ಪಿಸದವರು, ಆದರೆ ಹೃದಯ ತಣ್ಣಗಾದವರು. ಓಲಿವ್ ಬೆಟ್ಟದಲ್ಲಿ ತಮಗೆ ಎಲ್ಲರಿಗಿಂತ ಹೆಚ್ಚು ನೋವು ತಂದವರು ಇವರೇ ಎಂದು ಯೇಸು ಹೇಳಿದರೆಂದು ಫೌಸ್ತೀನಾ ಬರೆದಿದ್ದಾರೆ. ಮಣಿಗಳನ್ನು ಪ್ರತಿದಿನ ಎಣಿಸುವವರೂ ಆ ದಿನದ ಪ್ರಾರ್ಥನೆಯಿಂದ ತಮ್ಮನ್ನು ಹೊರಗಿಟ್ಟುಕೊಳ್ಳಲಾರರು.